ಆಸ್ಟ್ರೇಲಿಯಾ ಗ್ರೂಪ್

ಆಸ್ಟ್ರೇಲಿಯಾ ಗ್ರೂಪ್ ಎಂಬುದು ರಾಸಾಯನಿಕ ಮತ್ತು ಜೈವಿಕ ಅಸ್ತ್ರಗಳ ತಯಾರಿಕೆಗೆ ಒದಗಬಲ್ಲ ವಸ್ತು, ಯಂತ್ರೋಪಕರಣ ಹಾಗೂ ತಂತ್ರಜ್ಞಾನವು ರಫ್ತು ವ್ಯಾಪಾರದ ಮೂಲಕ ಅಸ್ತ್ರ ತಯಾರಕರ ಕೈಸೇರದಂತೆ ತಡೆಯಲು ಕೆಲವು ರಾಷ್ಟ್ರಗಳು ಮಾಡಿಕೊಂಡಿರುವ ಅನೌಪಚಾರಿಕ ಕೂಟ. ಇದು 1985ರಲ್ಲಿ ಆರಂಭವಾಯಿತು. ಐರೋಪ್ಯ ಒಕ್ಕೂಟವೂ ಸೇರಿದಂತೆ ಇದರಲ್ಲಿ 43 ಸದಸ್ಯರಿದ್ದಾರೆ. 2018ರ ಜನವರಿ 19ರಂದು ಸೇರಿದ ಭಾರತವು 43ನೆಯ ಸದಸ್ಯ. ಹೆಸರಿನಿಂದ ತೋರುವಂತೆ ಇದು ಆಸ್ಟ್ರೇಲಿಯಾ ದೇಶದ ಸಂಸ್ಥೆಯಲ್ಲ; ಕೂಟದ ಪ್ರಸ್ತಾವ ಆ ದೇಶದಿಂದ ಬಂದದ್ದರಿಂದಲೂ ಅಧ್ಯಕ್ಷತೆಯನ್ನು ಅದೇ ವಹಿಸಿಕೊಂಡು ಬಂದಿರುವುದರಿಂದಲೂ ಈ ಹೆಸರು ನಿಂತಿದೆ. ಗುಂಪಿಗೆ ಸಂಸ್ಥಾಪನಾ ಒಪ್ಪಂದವಾಗಲಿ, ಕಾನೂನುಬದ್ಧ ಅಧಿಕಾರವಾಗಲಿ ಇಲ್ಲ. ಸದಸ್ಯರು ಒಮ್ಮತದಿಂದ ಸಿದ್ಧಪಡಿಸಿದ ಪಟ್ಟಿಗಳನ್ನು ಪ್ರತಿಯೊಂದು ದೇಶವೂ ತನ್ನ ಸ್ವಂತ ಕಾನೂನಿನ ಮೂಲಕ ಜಾರಿಗೊಳಿಸುತ್ತದೆ.

ಹಿನ್ನೆಲೆ

1925ರ ಜಿನೀವಾ ಶಿಷ್ಟಾಚಾರವು ಯುದ್ಧದಲ್ಲಿ ವಿಷಾನಿಲ ಮತ್ತು ರೋಗಾಣುಗಳ ಬಳಕೆಯನ್ನು ನಿಷೇಧಿಸಿತ್ತು. ಆದರೆ ಅವುಗಳನ್ನು ತಯಾರಿಸುವುದನ್ನಾಗಲಿ, ದಾಸ್ತಾನು ಮಾಡುವುದನ್ನಾಗಲಿ, ಮತ್ತೊಬ್ಬರಿಗೆ ಮಾರುವುದನ್ನಾಗಲಿ ಅದು ತಡೆಯಲಿಲ್ಲ. ಈ ಕೊರತೆಯ ಪರಿಣಾಮ 1980ರಿಂದ 1988ರವರೆಗೆ ನಡೆದ ಇರಾನ್–ಇರಾಕ್ ಯುದ್ಧದಲ್ಲಿ ಸ್ಪಷ್ಟವಾಯಿತು. ಇರಾನಿನ ದೂರುಗಳ ಮೇರೆಗೆ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಯವರು ಕಳುಹಿಸಿದ ತಜ್ಞರ ತಂಡವು 1984ರ ಮಾರ್ಚ್‌ನಲ್ಲಿ ಗಾಯಾಳುಗಳನ್ನೂ ಸಿಡಿಯದೆ ಉಳಿದ ಬಾಂಬುಗಳನ್ನೂ ಪರೀಕ್ಷಿಸಿತು. ಸಾಸಿವೆ ಅನಿಲ ಮತ್ತು ಟ್ಯಾಬುನ್ ಎಂಬ ನರಘಾತಕ ರಾಸಾಯನಿಕ ಬಳಕೆಯಾಗಿರುವುದನ್ನು ತಂಡ ದೃಢಪಡಿಸಿತು.

ಇರಾಕಿಗೆ ಈ ರಾಸಾಯನಿಕಗಳು ಎಲ್ಲಿಂದ ಬಂದವು ಎಂಬ ಪ್ರಶ್ನೆಗೆ ದೊರೆತ ಉತ್ತರ ಮುಜುಗರ ತರುವಂಥದ್ದಾಗಿತ್ತು. ಮೂಲವಸ್ತುಗಳಲ್ಲೂ ಯಂತ್ರೋಪಕರಣಗಳಲ್ಲೂ ಬಹುಪಾಲು ಯುರೋಪ್ ಮತ್ತು ಅಮೆರಿಕದ ಕಂಪನಿಗಳಿಂದ ಸಾಮಾನ್ಯ ವ್ಯಾಪಾರದ ದಾರಿಯಲ್ಲಿಯೇ ಹೋಗಿದ್ದವು. ಕೀಟನಾಶಕ ಕಾರ್ಖಾನೆ ಕಟ್ಟುತ್ತಿದ್ದೇವೆ ಎಂಬುದು ಇರಾಕಿನ ವಿವರಣೆಯಾಗಿತ್ತು. ಅದನ್ನು ಸುಳ್ಳೆಂದು ತಳ್ಳಿಹಾಕುವುದು ಸುಲಭವಿರಲಿಲ್ಲ. ಏಕೆಂದರೆ ಕೀಟನಾಶಕಕ್ಕೂ ನರಘಾತಕ ವಿಷಕ್ಕೂ ಇರುವ ನಂಟು ಹಳೆಯದು. ಟ್ಯಾಬುನ್ ಮೊದಲು ತಯಾರಾದದ್ದೇ 1936ರಲ್ಲಿ, ಜರ್ಮನಿಯ ರಸಾಯನವಿಜ್ಞಾನಿ ಗೆರ್ಹಾರ್ಡ್ ಶ್ರಾಡರ್ ಹೊಸ ಕೀಟನಾಶಕಗಳಿಗಾಗಿ ನಡೆಸುತ್ತಿದ್ದ ಪ್ರಯೋಗಗಳಲ್ಲಿ.

ವಿಶ್ವಸಂಸ್ಥೆಯ ವರದಿಯ ನಂತರ ಹಲವು ದೇಶಗಳು ಕೆಲವು ರಾಸಾಯನಿಕಗಳ ರಫ್ತಿಗೆ ಪರವಾನಗಿಯನ್ನು ಕಡ್ಡಾಯಗೊಳಿಸಿದವು. ಆದರೆ ಒಂದು ದೇಶದ ಪಟ್ಟಿಯಲ್ಲಿದ್ದದ್ದು ಇನ್ನೊಂದರ ಪಟ್ಟಿಯಲ್ಲಿರಲಿಲ್ಲ. ಒಂದು ಬಂದರಿನಲ್ಲಿ ನಿರಾಕರಿಸಲ್ಪಟ್ಟ ಖರೀದಿದಾರನು ನೆರೆಯ ದೇಶದ ಬಂದರಿನಿಂದ ಅದೇ ಸರಕನ್ನು ಪಡೆಯಬಹುದಾಗಿತ್ತು. ಈ ವ್ಯತ್ಯಾಸವನ್ನು ಸರಿಪಡಿಸಲು ನಿಯಂತ್ರಣಗಳನ್ನು ಏಕರೂಪಗೊಳಿಸಬೇಕೆಂದು ಆಸ್ಟ್ರೇಲಿಯಾ ಪ್ರಸ್ತಾಪಿಸಿತು. 1985ರ ಜೂನ್‌ನಲ್ಲಿ ಬ್ರಸೆಲ್ಸ್ ನಗರದಲ್ಲಿ ಹದಿನೈದು ರಾಷ್ಟ್ರಗಳು ಮತ್ತು ಐರೋಪ್ಯ ಆಯೋಗದ ಪ್ರತಿನಿಧಿಗಳು ಮೊದಲ ಬಾರಿಗೆ ಸಭೆ ಸೇರಿದರು.

ಆರಂಭದ ವರ್ಷಗಳು

ಮೊದಲಿಗೆ ನಿಯಂತ್ರಣಕ್ಕೆ ಒಳಪಟ್ಟಿದ್ದು ಬೆರಳೆಣಿಕೆಯ ರಾಸಾಯನಿಕಗಳು ಮಾತ್ರ. ಉಳಿದವನ್ನು ಉದ್ಯಮಗಳ ಗಮನಕ್ಕೆ ತಂದು, ಸಂಶಯಾಸ್ಪದ ಬೇಡಿಕೆ ಬಂದರೆ ತಿಳಿಸುವಂತೆ ಕೋರಲಾಗುತ್ತಿತ್ತು. ಇಷ್ಟು ಸಾಕಾಗಲಿಲ್ಲ ಎಂಬುದನ್ನು ಮುಂದಿನ ಘಟನೆಗಳು ತೋರಿಸಿದವು. ಗುಂಪು ಸ್ಥಾಪನೆಯಾದ ಸುಮಾರು ಮೂರು ವರ್ಷಗಳ ನಂತರ, 1988ರ ಮಾರ್ಚ್ 16ರಂದು, ಇರಾಕಿನ ಕುರ್ದ್ ಪಟ್ಟಣವಾದ ಹಲಬ್ಜಾದ ಮೇಲೆ ನಡೆದ ರಾಸಾಯನಿಕ ದಾಳಿಯಲ್ಲಿ ಸಾವಿರಾರು ನಾಗರಿಕರು ಸತ್ತರು. ಸತ್ತವರ ಸಂಖ್ಯೆಯನ್ನು ಸಾಮಾನ್ಯವಾಗಿ 3,200ರಿಂದ 5,000ದವರೆಗೆ ಹೇಳಲಾಗುತ್ತದೆ.

ಆ ವರ್ಷಗಳ ವ್ಯಾಪಾರ ಹೇಗೆ ನಡೆಯುತ್ತಿತ್ತೆಂಬುದು ಡಚ್ ವ್ಯಾಪಾರಿ ಫ್ರಾನ್ಸ್ ವಾನ್ ಆನ್ರಾಟ್ ಪ್ರಕರಣದಲ್ಲಿ ವಿವರವಾಗಿ ದಾಖಲಾಗಿದೆ. ಈತ ಬೇರೆ ಬೇರೆ ದೇಶಗಳ ಕಂಪನಿಗಳ ಮೂಲಕ ಸಾವಿರ ಟನ್‌ಗೂ ಮಿಕ್ಕಿ ಥಯೋಡೈಗ್ಲೈಕಾಲ್ ಎಂಬ ರಾಸಾಯನಿಕವನ್ನು ಇರಾಕಿಗೆ ತಲುಪಿಸಿದ್ದನು. ಬಟ್ಟೆಗೆ ಬಣ್ಣ ಹಾಕುವಲ್ಲಿಯೂ ಬಾಲ್‌ಪೆನ್ನಿನ ಶಾಯಿಯಲ್ಲಿಯೂ ಬಳಸುವ ಈ ದ್ರವವೇ ಸಾಸಿವೆ ಅನಿಲದ ಮುಖ್ಯ ಪೂರ್ವವಸ್ತು. ಹೇಗ್ ನಗರದ ನ್ಯಾಯಾಲಯವು 2005ರ ಡಿಸೆಂಬರ್‌ನಲ್ಲಿ ಯುದ್ಧಾಪರಾಧಕ್ಕೆ ನೆರವಾದ ಆರೋಪದಲ್ಲಿ ಆತನಿಗೆ 15 ವರ್ಷಗಳ ಸೆರೆವಾಸ ವಿಧಿಸಿತು. ಮೇಲ್ಮನವಿಯಲ್ಲಿ ಅದು 17 ವರ್ಷಕ್ಕೇರಿತು. ಹಲಬ್ಜಾದ ದಾಳಿ ನಡೆದು ಆ ವೇಳೆಗೆ ಹದಿನೇಳು ವರ್ಷಗಳು ಕಳೆದಿದ್ದವು.

ಲಿಬಿಯಾದ ರಬ್ತಾ ಎಂಬಲ್ಲಿ ಔಷಧ ಕಾರ್ಖಾನೆಯೆಂಬ ಹೆಸರಿನಲ್ಲಿ ಕಟ್ಟಲಾದ ರಾಸಾಯನಿಕ ಅಸ್ತ್ರಗಳ ಸ್ಥಾವರವೂ ಇದೇ ಕಾಲದಲ್ಲಿ ಬೆಳಕಿಗೆ ಬಂತು. ಅದಕ್ಕೆ ನೆರವಾಗಿದ್ದ ಪಶ್ಚಿಮ ಜರ್ಮನಿಯ ಇಮ್‌ಹೌಸೆನ್-ಶೆಮಿ ಕಂಪನಿಯ ಮುಖ್ಯಸ್ಥನು 1990ರಲ್ಲಿ ಶಿಕ್ಷೆಗೊಳಗಾದನು. ರಬ್ತಾ ಪ್ರಕರಣವು ಕಲಿಸಿದ ಪಾಠವೆಂದರೆ ರಾಸಾಯನಿಕಗಳ ಮೇಲೆ ಮಾತ್ರ ಕಣ್ಣಿಟ್ಟರೆ ಸಾಲದು, ಕಾರ್ಖಾನೆಯ ಪಾತ್ರೆ, ಕೊಳವೆ, ಕವಾಟಗಳನ್ನೂ ಗಮನಿಸಬೇಕು ಎಂಬುದು. 1990ರ ದಶಕದ ಆರಂಭದ ವೇಳೆಗೆ ಪಟ್ಟಿಯ ರಾಸಾಯನಿಕಗಳು ಐವತ್ತರ ಆಸುಪಾಸಿಗೆ ಏರಿದವು. ಯಂತ್ರೋಪಕರಣಗಳ ಪಟ್ಟಿಯೂ ಸೇರಿತು.

ಜೈವಿಕ ಅಸ್ತ್ರಗಳ ವಿಷಯವು ಗುಂಪಿನ ವ್ಯಾಪ್ತಿಗೆ ಬಂದದ್ದೂ ಆಗಲೇ. 1980ರ ದಶಕದಲ್ಲಿ ಇರಾಕ್ ಅಮೆರಿಕದ ಸೂಕ್ಷ್ಮಾಣು ಸಂಗ್ರಹಾಲಯದಿಂದ ನೆರಡಿ ರೋಗದ (ಆಂಥ್ರಾಕ್ಸ್) ಬ್ಯಾಕ್ಟೀರಿಯಾ ಸೇರಿದಂತೆ ಹಲವು ರೋಗಾಣುಗಳ ತಳಿಗಳನ್ನು ವಿಶ್ವವಿದ್ಯಾಲಯದ ಸಂಶೋಧನೆಯ ಹೆಸರಿನಲ್ಲಿ ತರಿಸಿಕೊಂಡಿತ್ತು. ಬ್ಯಾಕ್ಟೀರಿಯಾ ಬೆಳೆಸುವ ಪೋಷಕ ಮಾಧ್ಯಮವನ್ನು ಹತ್ತಾರು ಟನ್ ಪ್ರಮಾಣದಲ್ಲಿ ಆಸ್ಪತ್ರೆಗಳ ಬಳಕೆಗೆಂದು ಆಮದು ಮಾಡಿಕೊಂಡಿತ್ತು. ದೇಶದ ಆಸ್ಪತ್ರೆಗಳಿಗೆ ನಿಜವಾಗಿ ಬೇಕಿದ್ದದ್ದು ಅದರ ಅತಿ ಸಣ್ಣ ಪಾಲು. ಈ ಲೆಕ್ಕದ ತಾಳಮೇಳವಿಲ್ಲದಿರುವಿಕೆಯನ್ನೇ ಹಿಡಿದು ವಿಶ್ವಸಂಸ್ಥೆಯ ತಪಾಸಕರು ಒತ್ತಾಯಿಸಿದ ಮೇಲೆ, 1995ರಲ್ಲಿ ಇರಾಕ್ ತನ್ನ ಜೈವಿಕ ಅಸ್ತ್ರ ಕಾರ್ಯಕ್ರಮವನ್ನು ಒಪ್ಪಿಕೊಂಡಿತು.

ಅಂತರರಾಷ್ಟ್ರೀಯ ಒಪ್ಪಂದಗಳೊಂದಿಗೆ ಸಂಬಂಧ

ಜೈವಿಕ ಅಸ್ತ್ರಗಳ ನಿಷೇಧ ಒಪ್ಪಂದವು 1972ರಲ್ಲಿ ಸಹಿಗೆ ತೆರೆದುಕೊಂಡು 1975ರ ಮಾರ್ಚ್ 26ರಂದು ಜಾರಿಗೆ ಬಂತು. ಅದರ ಮೂರನೆಯ ವಿಧಿಯು ಇಂಥ ಅಸ್ತ್ರಗಳನ್ನು ಯಾರಿಗೂ ಹಸ್ತಾಂತರಿಸಬಾರದು, ಪಡೆಯಲು ನೆರವಾಗಬಾರದು ಎನ್ನುತ್ತದೆ. ಆದರೆ ಒಪ್ಪಂದಕ್ಕೆ ತಪಾಸಣಾ ವ್ಯವಸ್ಥೆಯಿಲ್ಲ. ಅದನ್ನು ರೂಪಿಸಲು ನಡೆದ ಮಾತುಕತೆಗಳು 2001ರಲ್ಲಿ ಅಮೆರಿಕ ಕರಡನ್ನು ತಿರಸ್ಕರಿಸಿದ ನಂತರ ಕುಸಿದವು.

ರಾಸಾಯನಿಕ ಅಸ್ತ್ರಗಳ ನಿಷೇಧ ಒಪ್ಪಂದದ ಸ್ಥಿತಿ ಇದಕ್ಕಿಂತ ಉತ್ತಮ. 1993ರ ಜನವರಿಯಲ್ಲಿ ಪ್ಯಾರಿಸ್‌ನಲ್ಲಿ ಸಹಿಗೆ ತೆರೆದುಕೊಂಡ ಇದು 1997ರ ಏಪ್ರಿಲ್ 29ರಂದು ಜಾರಿಗೆ ಬಂತು. 193 ರಾಷ್ಟ್ರಗಳು ಇದರ ವ್ಯಾಪ್ತಿಯಲ್ಲಿವೆ. ಇದರ ಅನುಷ್ಠಾನಕ್ಕಾಗಿ ಹೇಗ್‌ನಲ್ಲಿರುವ ರಾಸಾಯನಿಕ ಅಸ್ತ್ರಗಳ ನಿಷೇಧ ಸಂಸ್ಥೆಗೆ 2013ರ ನೊಬೆಲ್ ಶಾಂತಿ ಪ್ರಶಸ್ತಿ ಲಭಿಸಿತು. ಸದಸ್ಯ ರಾಷ್ಟ್ರಗಳು ಘೋಷಿಸಿದ್ದ 72,000 ಟನ್‌ಗೂ ಹೆಚ್ಚಿನ ಅಸ್ತ್ರ ದಾಸ್ತಾನಿನ ಕೊನೆಯ ಭಾಗವನ್ನು ಅಮೆರಿಕ 2023ರ ಜುಲೈನಲ್ಲಿ ನಾಶಪಡಿಸಿತು. ಹಳೆಯ ದಾಸ್ತಾನು ಮುಗಿದ ಮೇಲೆ, ಹೊಸದಾಗಿ ತಯಾರಾಗದಂತೆ ತಡೆಯುವ ಕೆಲಸವೇ ಮುಖ್ಯವಾಗಿ ಉಳಿಯುತ್ತದೆ. ಆಸ್ಟ್ರೇಲಿಯಾ ಗ್ರೂಪ್ ತನ್ನನ್ನು ಈ ಒಪ್ಪಂದಗಳ ಪರ್ಯಾಯವೆಂದು ಕರೆದುಕೊಳ್ಳುವುದಿಲ್ಲ. ಒಪ್ಪಂದಗಳ ಹಸ್ತಾಂತರ ನಿಷೇಧವನ್ನು ಕಾರ್ಯರೂಪಕ್ಕೆ ತರುವ ಸಾಧನ ತಾನು ಎಂಬುದು ಅದರ ನಿಲುವು.

ನಿಯಂತ್ರಣ ಪಟ್ಟಿಗಳು

ಗುಂಪಿನ ಕೆಲಸದ ತಿರುಳು ಅದರ ಪಟ್ಟಿಗಳಲ್ಲಿದೆ. ರಾಸಾಯನಿಕ ಪೂರ್ವವಸ್ತುಗಳು, ರಾಸಾಯನಿಕ ತಯಾರಿಕಾ ಉಪಕರಣಗಳು, ಜೈವಿಕ ಉಪಕರಣಗಳು, ಮನುಷ್ಯರ ಮತ್ತು ಪ್ರಾಣಿಗಳ ರೋಗಕಾರಕಗಳು ಹಾಗೂ ಜೀವವಿಷಗಳು, ಸಸ್ಯರೋಗಕಾರಕಗಳು ಎಂಬ ಐದು ಪಟ್ಟಿಗಳಿದ್ದು, ಉಪಕರಣಗಳಿಗೆ ಸಂಬಂಧಿಸಿದ ತಂತ್ರಜ್ಞಾನ ಮತ್ತು ತಂತ್ರಾಂಶಗಳೂ ಅವುಗಳೊಂದಿಗೆ ಸೇರುತ್ತವೆ.

ಇವುಗಳಲ್ಲಿ ಹೆಚ್ಚಿನವು ಇಬ್ಬಳಕೆಯ ವಸ್ತುಗಳು. ಅಂದರೆ ನಿತ್ಯದ ಉದ್ಯಮಕ್ಕೂ ಅಸ್ತ್ರಕ್ಕೂ ಸಮಾನವಾಗಿ ಒದಗುವಂಥವು. ಟ್ರೈಎಥನಾಲಮೈನ್ ಪ್ರಸಾಧನ ಸಾಮಗ್ರಿಗಳಲ್ಲಿ ಬಳಕೆಯಾಗುತ್ತದೆ. ಅದು ನೈಟ್ರೋಜನ್ ಮಸ್ಟರ್ಡ್ ಎಂಬ ವಿಷದ ಪೂರ್ವವಸ್ತುವೂ ಹೌದು. ಫಾಸ್ಫರಸ್ ಆಕ್ಸಿಕ್ಲೋರೈಡ್ ಕೀಟನಾಶಕ ಮತ್ತು ಬೆಂಕಿನಿರೋಧಕಗಳ ತಯಾರಿಕೆಗೆ ಬೇಕು. ಕೋಲಾರದ ಚಿನ್ನದ ಗಣಿಯಲ್ಲಿ ಹಿಂದೆ ಬಳಕೆಯಾಗಿದ್ದ, ರಾಯಚೂರು ಜಿಲ್ಲೆಯ ಹಟ್ಟಿಯಂಥ ಗಣಿಗಳಲ್ಲಿ ಅದಿರಿನಿಂದ ಚಿನ್ನ ಬೇರ್ಪಡಿಸಲು ಬಳಸುವ ಸೋಡಿಯಂ ಸೈನೈಡ್ ಸಹ ಈ ಪಟ್ಟಿಯಲ್ಲಿದೆ. ಹೀಗಾಗಿ ಸಂಪೂರ್ಣ ನಿಷೇಧ ಸಾಧ್ಯವೂ ಅಲ್ಲ, ಉದ್ದೇಶವೂ ಅಲ್ಲ. ಯಾರು, ಎಷ್ಟು, ಯಾವ ಕೆಲಸಕ್ಕೆ ಕೊಳ್ಳುತ್ತಿದ್ದಾರೆ ಎಂದು ವಿಚಾರಿಸಿ ಪರವಾನಗಿ ಕೊಡುವುದಷ್ಟೇ ಇದರ ಗುರಿ.

ಉಪಕರಣಗಳ ವಿಷಯದಲ್ಲಿ ಗಾತ್ರ ಮತ್ತು ಲೋಹವೇ ಮಾನದಂಡ. 100 ಲೀಟರ್‌ಗಿಂತ ಹೆಚ್ಚು ಮತ್ತು 20,000 ಲೀಟರ್‌ಗಿಂತ ಕಡಿಮೆ ಗಾತ್ರದ ಕ್ರಿಯಾಪಾತ್ರೆಯ ಒಳಮೈ ಗಾಜು, ಟೈಟಾನಿಯಂ, ಟ್ಯಾಂಟಲಂ ಅಥವಾ ನಿಕ್ಕಲ್ ಹೆಚ್ಚಿರುವ ಮಿಶ್ರಲೋಹದ್ದಾಗಿದ್ದರೆ ಅದು ನಿಯಂತ್ರಣಕ್ಕೆ ಒಳಪಡುತ್ತದೆ. ಅಸ್ತ್ರ ತಯಾರಿಕೆಯಲ್ಲಿ ಹುಟ್ಟುವ ತೀವ್ರ ಆಮ್ಲಗಳು ಸಾಮಾನ್ಯ ಉಕ್ಕನ್ನು ತಿಂದುಹಾಕುತ್ತವೆ ಎಂಬುದು ಇದಕ್ಕೆ ಕಾರಣ. ಸೂಕ್ಷ್ಮಾಣುಗಳನ್ನು ಬೆಳೆಸುವ ಫರ್ಮೆಂಟರುಗಳಿಗೆ ಮೊದಲು 100 ಲೀಟರ್ ಮಿತಿಯಿತ್ತು. 2001ರಲ್ಲಿ ಅಮೆರಿಕದಲ್ಲಿ ಅಂಚೆಯ ಮೂಲಕ ನೆರಡಿ ರೋಗದ ಬೀಜಾಣುಗಳನ್ನು ಕಳುಹಿಸಿ ಐವರ ಸಾವಿಗೆ ಕಾರಣವಾದ ಪ್ರಕರಣ ನಡೆದ ಮರುವರ್ಷ ಆ ಮಿತಿಯನ್ನು 20 ಲೀಟರ್‌ಗೆ ಇಳಿಸಲಾಯಿತು. ಸಣ್ಣ ಗುಂಪೊಂದಕ್ಕೆ ದೊಡ್ಡ ಪಾತ್ರೆ ಬೇಕಾಗುವುದಿಲ್ಲ ಎಂಬ ತಿಳಿವಳಿಕೆ ಇದರ ಹಿಂದಿತ್ತು.

ರೋಗಕಾರಕಗಳ ಪಟ್ಟಿಯಲ್ಲಿ ಕನ್ನಡಿಗರಿಗೆ ಪರಿಚಿತವಾದ ಹೆಸರುಗಳು ಸಾಕಷ್ಟಿವೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳ ಸರಣಿ ಸಾವಿನಿಂದ ಬೆಳಕಿಗೆ ಬಂದ, ಉಣುಗುಗಳಿಂದ ಹರಡುವ ಕ್ಯಾಸನೂರು ಕಾಡಿನ ಕಾಯಿಲೆಯ (ಮಂಗನ ಕಾಯಿಲೆ) ವೈರಾಣು ಅವುಗಳಲ್ಲಿ ಒಂದು. ಮಲೆನಾಡಿನ ಹಳ್ಳಿಗಳಿಗೆ ಅದು ಅಸ್ತ್ರವಲ್ಲ, ಬೇಸಿಗೆಯ ಮುನ್ನ ಕಾಡಿಗೆ ಸೊಪ್ಪು ಸೌದೆಗೆ ಹೋಗುವವರನ್ನು ಕಾಡುವ ಜ್ವರ. ಪಟ್ಟಿಯಲ್ಲಿರುವುದರಿಂದ ಅದರ ಮೇಲಿನ ಸಂಶೋಧನೆಗೆ ಅಡ್ಡಿಯಿಲ್ಲ. ಆದರೆ ಸದಸ್ಯ ರಾಷ್ಟ್ರವೊಂದರಿಂದ ವೈರಾಣುವಿನ ಮಾದರಿಯನ್ನು ಹೊರದೇಶದ ಪ್ರಯೋಗಾಲಯಕ್ಕೆ ಕಳುಹಿಸಲು ಪರವಾನಗಿ ಬೇಕು. ದನಕರುಗಳ ಕಾಲುಬಾಯಿ ಜ್ವರದ ವೈರಾಣು, ಭತ್ತದ ಬೆಂಕಿ ರೋಗದ ಶಿಲೀಂಧ್ರ, ಗೋಧಿಯ ಕಾಂಡದ ತುಕ್ಕು ರೋಗದ ಶಿಲೀಂಧ್ರಗಳೂ ಪಟ್ಟಿಗಳಲ್ಲಿವೆ. ಬೆಳೆ ಮತ್ತು ಜಾನುವಾರುಗಳನ್ನು ನಾಶಪಡಿಸುವುದೂ ಯುದ್ಧತಂತ್ರವಾಗಬಲ್ಲದು ಎಂಬುದು ಇದರ ಹಿಂದಿನ ಆಲೋಚನೆ. ಜೀವವಿಷಗಳ ಸಾಲಿನಲ್ಲಿ ಹರಳು ಬೀಜದ ರೈಸಿನ್ ಮತ್ತು ಗುಲಗಂಜಿಯ ಅಬ್ರಿನ್ ಇವೆ. ಬೀಜಗಳ ಮೇಲೆ ನಿರ್ಬಂಧವಿಲ್ಲ. ಅವುಗಳಿಂದ ಬೇರ್ಪಡಿಸಿದ ವಿಷಕ್ಕೆ ಮಾತ್ರ ನಿಯಂತ್ರಣ ಅನ್ವಯಿಸುತ್ತದೆ.

ಕಾರ್ಯವಿಧಾನ

ಗುಂಪಿನ ವಾರ್ಷಿಕ ಸಭೆ ಸಾಮಾನ್ಯವಾಗಿ ಪ್ಯಾರಿಸ್‌ನಲ್ಲಿ ನಡೆಯುತ್ತದೆ. ಚರ್ಚೆಗಳು ಗೋಪ್ಯ, ಪಟ್ಟಿಗಳು ಮತ್ತು ಮಾರ್ಗಸೂಚಿಗಳು ಬಹಿರಂಗ. ಪರವಾನಗಿ ಕೊಡುವ ಅಥವಾ ನಿರಾಕರಿಸುವ ತೀರ್ಮಾನ ಆಯಾ ದೇಶದ್ದೇ ಆಗಿರುತ್ತದೆ.

ವ್ಯವಸ್ಥೆಗೆ ಬಲ ನೀಡುವುದು ಎರಡು ನಿಯಮಗಳು. ಒಂದು ದೇಶವು ಯಾವುದಾದರೂ ರಫ್ತನ್ನು ನಿರಾಕರಿಸಿದರೆ ಆ ಸಂಗತಿಯನ್ನು ಇತರ ಸದಸ್ಯರಿಗೆ ತಿಳಿಸುತ್ತದೆ. ನಿರಾಕರಿಸಿದ ದೇಶದೊಂದಿಗೆ ಸಮಾಲೋಚಿಸದೆ ಬೇರೆ ಯಾವ ಸದಸ್ಯನೂ ಅದೇ ಬಗೆಯ ರಫ್ತಿಗೆ ಒಪ್ಪಿಗೆ ಕೊಡುವಂತಿಲ್ಲ. ಪ್ರಾಮಾಣಿಕವಾಗಿ ನಿರಾಕರಿಸಿದ ದೇಶದ ವ್ಯಾಪಾರವನ್ನು ನೆರೆಯವನು ಕಸಿದುಕೊಳ್ಳುವುದು ಇದರಿಂದ ತಪ್ಪುತ್ತದೆ. ಎರಡನೆಯದು, 2002ರಲ್ಲಿ ಮಾರ್ಗಸೂಚಿಯ ಭಾಗವಾದ ಸರ್ವವ್ಯಾಪಿ ನಿಯಮ. ಪಟ್ಟಿಯಲ್ಲಿ ಇಲ್ಲದ ಸರಕಾದರೂ ಅದು ಅಸ್ತ್ರ ತಯಾರಿಕೆಗೆ ಹೋಗುತ್ತಿದೆಯೆಂಬ ಮಾಹಿತಿ ಇದ್ದರೆ ಪರವಾನಗಿ ಅಗತ್ಯವಾಗುತ್ತದೆ. ದೂರವಾಣಿ ಮತ್ತು ಮಿಂಚಂಚೆಗಳ ಮೂಲಕ ನಡೆಯುವ ತಾಂತ್ರಿಕ ಜ್ಞಾನದ ವರ್ಗಾವಣೆಯನ್ನೂ ಅದೇ ವರ್ಷ ನಿಯಂತ್ರಣದಡಿ ತರಲಾಯಿತು.

ವಿಶ್ವಸಂಸ್ಥೆಯ ಭದ್ರತಾ ಮಂಡಳಿಯು 2004ರ ಏಪ್ರಿಲ್ 28ರಂದು ಅಂಗೀಕರಿಸಿದ 1540ನೆಯ ನಿರ್ಣಯವು ಸಾಮೂಹಿಕ ವಿನಾಶದ ಅಸ್ತ್ರಗಳು ಸರ್ಕಾರೇತರ ಗುಂಪುಗಳಿಗೆ ಸಿಗದಂತೆ ಕಾನೂನು ಮಾಡುವುದನ್ನು ಎಲ್ಲ ರಾಷ್ಟ್ರಗಳಿಗೂ ಕಡ್ಡಾಯಗೊಳಿಸಿತು. ಗುಂಪಿನ ಸದಸ್ಯರಲ್ಲದ ಹಲವು ದೇಶಗಳೂ ಇದರ ಪಾಲನೆಗಾಗಿ ಅದರ ಪಟ್ಟಿಗಳನ್ನು ಆಧಾರವಾಗಿ ಬಳಸಿಕೊಂಡಿವೆ.

ಅಭಿವೃದ್ಧಿಶೀಲ ರಾಷ್ಟ್ರಗಳ ಆಕ್ಷೇಪ

ಗುಂಪಿನ ಕುರಿತ ಅತಿ ದೀರ್ಘ ವಿವಾದ ಅದರ ನ್ಯಾಯಸಮ್ಮತತೆಯನ್ನು ಕುರಿತದ್ದು. ರಾಸಾಯನಿಕ ಅಸ್ತ್ರಗಳ ನಿಷೇಧ ಒಪ್ಪಂದದ ಹನ್ನೊಂದನೆಯ ವಿಧಿಯು ಶಾಂತಿಯುತ ಉದ್ದೇಶದ ರಾಸಾಯನಿಕ ವ್ಯಾಪಾರಕ್ಕೆ ಸದಸ್ಯರ ನಡುವೆ ಅಡ್ಡಿಯಿರಬಾರದು ಎನ್ನುತ್ತದೆ. ಜೈವಿಕ ಒಪ್ಪಂದದ ಹತ್ತನೆಯ ವಿಧಿಯ ಆಶಯವೂ ಇದೇ. ಒಪ್ಪಂದಕ್ಕೆ ಸಹಿ ಹಾಕಿ, ತಪಾಸಣೆಗೂ ಒಪ್ಪಿಕೊಂಡ ರಾಷ್ಟ್ರಕ್ಕೆ ಮತ್ತೊಂದು ಖಾಸಗಿ ಕೂಟದ ಪಟ್ಟಿಯನ್ನು ತೋರಿಸಿ ಸರಕು ನಿರಾಕರಿಸುವುದು ತಾರತಮ್ಯ ಎಂದು ಅಲಿಪ್ತ ರಾಷ್ಟ್ರಗಳು ವಾದಿಸಿದವು. ಈ ವಾದವನ್ನು ಮುಂದಿಟ್ಟವರಲ್ಲಿ ಭಾರತ ಮತ್ತು ಇರಾನ್ ಪ್ರಮುಖವಾಗಿದ್ದವು. ವಿಷಾನಿಲದ ದಾಳಿಗೆ ತುತ್ತಾದ ಇರಾನ್ ದೇಶವೇ, ಅಂಥ ದಾಳಿಯ ಕಾರಣದಿಂದ ಹುಟ್ಟಿದ ನಿಯಂತ್ರಣಗಳನ್ನು ವಿರೋಧಿಸುವಂತಾದುದು ಗಮನಾರ್ಹ.

ಒಪ್ಪಂದದ ಮಾತುಕತೆಗಳು ಕೊನೆಯ ಹಂತದಲ್ಲಿದ್ದ 1992ರ ಆಗಸ್ಟ್‌ನಲ್ಲಿ, ಒಪ್ಪಂದವನ್ನು ಪೂರ್ಣವಾಗಿ ಪಾಲಿಸುವ ರಾಷ್ಟ್ರಗಳ ಮೇಲಿನ ನಿರ್ಬಂಧಗಳನ್ನು ಸಡಿಲಿಸುವ ದೃಷ್ಟಿಯಿಂದ ಪುನರ್ವಿಮರ್ಶೆ ಮಾಡಲಾಗುವುದು ಎಂದು ಆಸ್ಟ್ರೇಲಿಯಾ ಗುಂಪಿನ ಪರವಾಗಿ ಜಿನೀವಾದಲ್ಲಿ ಹೇಳಿಕೆ ನೀಡಿತು. ಒಪ್ಪಂದ ಜಾರಿಗೆ ಬಂದ ಮೇಲೂ ಗುಂಪು ವಿಸರ್ಜನೆಯಾಗಲಿಲ್ಲ. ನಿರಾಕರಣೆಗಳು ಒಟ್ಟು ವ್ಯಾಪಾರದಲ್ಲಿ ತೀರಾ ಕಡಿಮೆ ಎಂಬುದು ಸದಸ್ಯರ ಸಮರ್ಥನೆ. ಆದರೆ ಔಷಧ, ಲಸಿಕೆ, ಕೀಟನಾಶಕ ಉದ್ಯಮಗಳನ್ನು ಆಗಷ್ಟೇ ಕಟ್ಟಿಕೊಳ್ಳುತ್ತಿದ್ದ ದೇಶಗಳಿಗೆ ನಿರಾಕರಣೆಯಷ್ಟೇ ವಿಳಂಬವೂ ಭಾರವಾಗಿತ್ತು, ಆಕ್ಷೇಪದಲ್ಲಿ ತಥ್ಯವಿಲ್ಲದಿರಲಿಲ್ಲ.

ಭಾರತ ಮತ್ತು ಆಸ್ಟ್ರೇಲಿಯಾ ಗ್ರೂಪ್

ಭಾರತವು ರಾಸಾಯನಿಕ ಅಸ್ತ್ರಗಳ ನಿಷೇಧ ಒಪ್ಪಂದಕ್ಕೆ 1993ರಲ್ಲಿ ಸಹಿ ಹಾಕಿ 1996ರಲ್ಲಿ ಅನುಮೋದಿಸಿತು. 1997ರಲ್ಲಿ ತನ್ನಲ್ಲಿ ಸುಮಾರು 1,044 ಟನ್ ಸಾಸಿವೆ ಅನಿಲದ ದಾಸ್ತಾನಿರುವುದನ್ನು ಘೋಷಿಸಿ, 2009ರಲ್ಲಿ ಅದರ ನಾಶವನ್ನು ಪೂರ್ಣಗೊಳಿಸಿತು. ಅಲ್ಬೇನಿಯಾ ಮತ್ತು ದಕ್ಷಿಣ ಕೊರಿಯಾಗಳ ನಂತರ ಈ ಕಾರ್ಯ ಮುಗಿಸಿದ ಮೂರನೆಯ ದೇಶ ಭಾರತ. ಒಪ್ಪಂದದ ಅನುಷ್ಠಾನಕ್ಕಾಗಿ 2000ದಲ್ಲಿಯೂ, ಸಾಮೂಹಿಕ ವಿನಾಶದ ಅಸ್ತ್ರಗಳಿಗೆ ಸಂಬಂಧಿಸಿದ ಕಾನೂನುಬಾಹಿರ ಚಟುವಟಿಕೆಗಳ ನಿಷೇಧಕ್ಕಾಗಿ 2005ರಲ್ಲಿಯೂ ಸಂಸತ್ತು ಕಾಯ್ದೆಗಳನ್ನು ಮಾಡಿತು.

ಇಬ್ಬಳಕೆಯ ವಸ್ತುಗಳ ರಫ್ತನ್ನು ವಿದೇಶ ವ್ಯಾಪಾರ ಮಹಾನಿರ್ದೇಶನಾಲಯವು ಸ್ಕೊಮೆಟ್ ಎಂಬ ಪಟ್ಟಿಯ ಮೂಲಕ ನಿಯಂತ್ರಿಸುತ್ತದೆ. ವಿಶೇಷ ರಾಸಾಯನಿಕ, ಜೀವಿ, ವಸ್ತು, ಉಪಕರಣ ಮತ್ತು ತಂತ್ರಜ್ಞಾನ ಎಂಬ ಅರ್ಥದ ಇಂಗ್ಲಿಷ್ ಪದಗಳ ಮೊದಲಕ್ಷರಗಳಿಂದ ಆದ ಹೆಸರಿದು. ಗುಂಪಿನ ಪಟ್ಟಿಗಳಿಗೆ ಇದನ್ನು ಹಂತಹಂತವಾಗಿ ಹೊಂದಿಸಿಕೊಂಡ ನಂತರ ಭಾರತ ಸದಸ್ಯತ್ವ ಪಡೆಯಿತು. 2016ರಲ್ಲಿ ಕ್ಷಿಪಣಿ ತಂತ್ರಜ್ಞಾನ ನಿಯಂತ್ರಣ ವ್ಯವಸ್ಥೆಗೂ 2017ರ ಡಿಸೆಂಬರ್‌ನಲ್ಲಿ ವಾಸೆನಾರ್ ವ್ಯವಸ್ಥೆಗೂ ಅದು ಸೇರಿತ್ತು. ಪರಮಾಣು ಪೂರೈಕೆದಾರರ ಗುಂಪಿನ ಸದಸ್ಯತ್ವ ಚೀನಾದ ವಿರೋಧದಿಂದ ದೊರೆಯದಿದ್ದಾಗ, ಉಳಿದ ಮೂರು ಕೂಟಗಳ ಪ್ರವೇಶಕ್ಕೆ ರಾಜತಾಂತ್ರಿಕ ಮಹತ್ವ ಬಂದಿತ್ತು. ಹಿಂದೆ ಹೊರಗಿನಿಂದ ಟೀಕಿಸುತ್ತಿದ್ದ ದೇಶವು ಈಗ ಪಟ್ಟಿಗಳನ್ನು ರೂಪಿಸುವ ಮೇಜಿನಲ್ಲಿದೆ. ಔಷಧ ಮತ್ತು ರಾಸಾಯನಿಕಗಳ ದೊಡ್ಡ ರಫ್ತುದಾರನಾಗಿ ಅದರ ಮೇಲಿನ ಹೊಣೆಯೂ ಅಷ್ಟೇ ದೊಡ್ಡದು.

ಮಿತಿಗಳು

ರಷ್ಯಾ ಮತ್ತು ಚೀನಾ ಈ ಗುಂಪಿನಲ್ಲಿಲ್ಲ. ಚೀನಾ 2002ರಲ್ಲಿ ತನ್ನದೇ ರಫ್ತು ನಿಯಮಗಳನ್ನು ಪ್ರಕಟಿಸಿದೆ. ಸದಸ್ಯ ರಾಷ್ಟ್ರಗಳೊಳಗೂ ನಿಯಮ ತಪ್ಪಿಸಿದ ಉದಾಹರಣೆಗಳಿವೆ. ಸಿರಿಯಾದಲ್ಲಿ 2013ರ ಆಗಸ್ಟ್ 21ರಂದು ಘೌಟಾ ಪ್ರದೇಶದ ಮೇಲೆ ಸಾರಿನ್ ದಾಳಿ ನಡೆದು, ಆ ದೇಶವು ಒಪ್ಪಂದಕ್ಕೆ ಸೇರಿ ಸುಮಾರು 1,300 ಟನ್ ರಾಸಾಯನಿಕಗಳನ್ನು ಒಪ್ಪಿಸಿದ ನಂತರವೂ, ಬೆಲ್ಜಿಯಂನ ಕೆಲವು ಕಂಪನಿಗಳು ಪರವಾನಗಿಯಿಲ್ಲದೆ ಅಲ್ಲಿಗೆ ಐಸೊಪ್ರೊಪನಾಲ್ ರವಾನಿಸಿದ್ದವು. 2019ರಲ್ಲಿ ಆಂಟ್ವರ್ಪ್ ನ್ಯಾಯಾಲಯ ಅವುಗಳನ್ನು ತಪ್ಪಿತಸ್ಥರೆಂದು ತೀರ್ಮಾನಿಸಿತು. ಐಸೊಪ್ರೊಪನಾಲ್ ಎಂದರೆ ಕೈ ಶುದ್ಧಗೊಳಿಸುವ ದ್ರಾವಣಗಳಲ್ಲಿರುವ ಅದೇ ಮದ್ಯಸಾರ.

ದೇಶದೊಳಗೇ ನಡೆಯುವ ಖರೀದಿಯ ಮೇಲೆ ರಫ್ತು ನಿಯಂತ್ರಣಕ್ಕೆ ಹಿಡಿತವಿಲ್ಲ. ಜಪಾನಿನ ಓಮ್ ಶಿನ್ರಿಕ್ಯೊ ಪಂಥವು ಹೆಸರಿಗಷ್ಟೇ ಇದ್ದ ಕಂಪನಿಗಳ ಮೂಲಕ ರಾಸಾಯನಿಕಗಳನ್ನು ಕೊಂಡು, 1994ರಲ್ಲಿ ಮಾತ್ಸುಮೊಟೊದಲ್ಲಿಯೂ 1995ರ ಮಾರ್ಚ್ 20ರಂದು ಟೋಕಿಯೊ ಸುರಂಗ ರೈಲಿನಲ್ಲಿಯೂ ಸಾರಿನ್ ಹರಡಿತು. ಜಪಾನ್ ಆಗಲೇ ಗುಂಪಿನ ಸದಸ್ಯನಾಗಿತ್ತು. ಅದೇ ಪಂಥ 1993ರಲ್ಲಿ ಟೋಕಿಯೊದಲ್ಲಿ ನೆರಡಿ ರೋಗಾಣುಗಳನ್ನು ಸಿಂಪಡಿಸಿದರೂ ಯಾರಿಗೂ ರೋಗ ತಗಲಲಿಲ್ಲ. ಅವರ ಕೈಗೆ ಸಿಕ್ಕಿದ್ದು ಪ್ರಾಣಿಗಳ ಲಸಿಕೆಗೆ ಬಳಸುವ ನಿರಪಾಯ ತಳಿಯಾಗಿತ್ತು. ಅಪಾಯಕಾರಿ ತಳಿಗಳ ಹಂಚಿಕೆಯನ್ನು ಬಿಗಿಗೊಳಿಸಬೇಕೆನ್ನುವವರು ಈ ಉದಾಹರಣೆಯನ್ನು ನೀಡುವುದುಂಟು.

ಜ್ಞಾನದ ರಫ್ತು ಇನ್ನೂ ಜಟಿಲವಾದ ಪ್ರಶ್ನೆ. ಪಟ್ಟಿಗಳು ಮೂಲಭೂತ ವೈಜ್ಞಾನಿಕ ಸಂಶೋಧನೆಗೂ ಈಗಾಗಲೇ ಪ್ರಕಟವಾದ ಮಾಹಿತಿಗೂ ವಿನಾಯಿತಿ ನೀಡುತ್ತವೆ. ಆದರೆ ಯಾವುದು ಮೂಲಭೂತ ಎಂಬುದು ವಿವಾದಾಸ್ಪದ. ನೆದರ್‌ಲೆಂಡ್ಸ್‌ನ ವೈರಾಣುವಿಜ್ಞಾನಿ ರಾನ್ ಫೌಶಿಯರ್ ಹಕ್ಕಿಜ್ವರದ ಎಚ್5ಎನ್1 ವೈರಾಣು ಸಸ್ತನಿಗಳ ನಡುವೆ ಗಾಳಿಯಲ್ಲಿ ಹರಡುವಂತಾಗುವ ಬಗೆಯನ್ನು ಕುರಿತ ಪ್ರಬಂಧವನ್ನು ಪ್ರಕಟಿಸಲು ಹೊರಟಾಗ, ಅದಕ್ಕೆ ರಫ್ತು ಪರವಾನಗಿ ಬೇಕೆಂದು ಡಚ್ ಸರ್ಕಾರ ಪಟ್ಟುಹಿಡಿಯಿತು. ಅವರು ಪರವಾನಗಿ ಪಡೆದು 2012ರಲ್ಲಿ ಪ್ರಬಂಧ ಪ್ರಕಟಿಸಿದರು. ಜೊತೆಗೆ ಸರ್ಕಾರದ ನಿಲುವನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಲಾಯಿತು. 2013ರಲ್ಲಿ ಕೆಳ ನ್ಯಾಯಾಲಯ ಸರ್ಕಾರವನ್ನು ಸಮರ್ಥಿಸಿತು. 2015ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ತೀರ್ಪನ್ನು ತಾಂತ್ರಿಕ ಕಾರಣಗಳಿಂದ ರದ್ದುಮಾಡಿತೇ ಹೊರತು, ಸಂಶೋಧನಾ ಪ್ರಬಂಧವೊಂದು ರಫ್ತು ಸರಕೇ ಅಲ್ಲವೇ ಎಂಬ ಪ್ರಶ್ನೆಯನ್ನು ಇತ್ಯರ್ಥಪಡಿಸಲಿಲ್ಲ.

ಪಟ್ಟಿಯಲ್ಲಿರುವ ರೋಗಕಾರಕಗಳ ಅಪಾಯಕಾರಿ ಜೀನುಗಳನ್ನೊಳಗೊಂಡ ಆನುವಂಶಿಕ ವಸ್ತುವೂ ನಿಯಂತ್ರಣಕ್ಕೆ ಒಳಪಟ್ಟಿದೆ. ಆದರೂ ಕೆನಡಾದ ಸಂಶೋಧಕರು ಅಂಚೆಯಲ್ಲಿ ತರಿಸಿಕೊಂಡ ಡಿಎನ್ಎ ತುಣುಕುಗಳಿಂದ, ಸಿಡುಬಿನ ವೈರಾಣುವಿನ ಸಂಬಂಧಿಯಾದ ಕುದುರೆಸಿಡುಬಿನ ವೈರಾಣುವನ್ನು ಮರುಸೃಷ್ಟಿಸಿರುವುದಾಗಿ 2018ರಲ್ಲಿ ಪ್ರಕಟಿಸಿದಾಗ, ಜೀವಂತ ತಳಿಗಳ ಸಾಗಾಟವನ್ನು ಮಾತ್ರ ಕಾಯುವ ಕಾಲ ಮುಗಿಯುತ್ತಿದೆಯೇ ಎಂಬ ಚರ್ಚೆ ಮತ್ತೆ ಆರಂಭವಾಯಿತು. ಡಿಎನ್ಎ ಸಂಶ್ಲೇಷಣೆಯ ಕಂಪನಿಗಳಲ್ಲಿ ಹಲವು ಬೇಡಿಕೆ ಸಲ್ಲಿಸಿದ ಗ್ರಾಹಕರನ್ನೂ ಜೀನಿನ ಸರಣಿಯನ್ನೂ ಸ್ವಯಂಪ್ರೇರಿತವಾಗಿ ಪರಿಶೀಲಿಸುತ್ತವೆ.